ಡೌರೊ ಕಣಿವೆಗೆ ಹೋಗುವಾಗ ರೈಲಿನ ಬಲಬದಿಯಲ್ಲಿ ಕುಳಿತುಕೊಳ್ಳಿ

ಪೋರ್ಚುಗಲ್‌ನ ಪೋರ್ಟೊ ನಗರಕ್ಕೆ ಹೋಗುವವರು ಒಂದಿಡೀ ದಿನವನ್ನು ಡೌರೊ ಕಣಿವೆಗೆಂದೇ ಮೀಸಲಿಡುವುದು ಒಳ್ಳೆಯದು. 1756ರಲ್ಲೇ ಗಡಿ ಗುರುತಿಸಲಾದ ಈ ವೈನ್ ಸೀಮೆಯ ಪಿನ್ಯಾವೊ ಊರಿಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆಯ ಪ್ರಯಾಣ. ಹೋಗುವಾಗ ಬಲಗಡೆಯ ಕಿಟಕಿಯನ್ನೇ ಹಿಡಿಯಬೇಕು. ಆರಂಭದಲ್ಲಿ ಡೌರೊ ನದಿ ಕಾಣದಿದ್ದರೂ, ಆಮೇಲೆ ಹಳಿಯು ಉತ್ತರ ದಡಕ್ಕೆ ಅಂಟಿಕೊಂಡೇ ಸಾಗುವುದರಿಂದ, ನೀರೂ ಅದರಾಚೆ ಕಲ್ಲುಕಟ್ಟೆಗಳ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ದ್ರಾಕ್ಷಿ ತೋಟಗಳೂ ಆ ಬದಿಗೇ ಕಾಣಸಿಗುತ್ತವೆ. ಪಿನ್ಯಾವೊದಲ್ಲಿ ಇಳಿದ ಕೂಡಲೇ ಹೊರಗೆ ಧಾವಿಸದೆ, ದ್ರಾಕ್ಷಿ ಕೊಯ್ಲಿನ ದೃಶ್ಯಗಳಿರುವ ನಿಲ್ದಾಣದ ಗೋಡೆಯ ನೀಲಿ ಟೈಲ್ಸ್ ಚಿತ್ರಗಳನ್ನು ನಿಧಾನವಾಗಿ ನೋಡಿ.

ಪೋರ್ಟೊಗೆ ಮರಳಿದ ಮೇಲೆ ದೊಂ ಲೂಯಿಸ್ ಸೇತುವೆಯನ್ನು ನಡೆದೇ ದಾಟಿದರೆ ನದಿಯಾಚೆಯ ಗಾಯಾ ಊರಿನ ವೈನ್ ನೆಲಮಾಳಿಗೆಗಳು ಸಿಗುತ್ತವೆ. ಡೌರೊ ಕಣಿವೆಯ ದ್ರಾಕ್ಷಿಯಿಂದಲೇ ಮಾಡುವ ಪೋರ್ಟ್ ವೈನ್ ಪಾನಕದಂತೆ ಸಿಹಿಯೆನಿಸಿದರೂ ಅದರಲ್ಲಿ ಶೇಕಡ 20ರಷ್ಟು ಮದ್ಯಾಂಶವಿರುತ್ತದೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ.