ಬೆಂಗಳೂರಿನ ಚಳಿಗೆ ಎಷ್ಟು ಉಲ್ಲನ್ ಬೇಕು?

ಬೆಂಗಳೂರಿನಲ್ಲಿ ಸ್ವೆಟರ್ ಹೆಣೆದು ಕೊಟ್ಟರೆ ಅದು ನೇರ ಬೀರು ಸೇರುತ್ತದೆ. ಡಿಸೆಂಬರ್‌ನಲ್ಲೂ ರಾತ್ರಿ ಹೆಚ್ಚಾಗಿ 15-16 ಡಿಗ್ರಿ, ಮಧ್ಯಾಹ್ನ 26-27. ಬಿಸಿಲು ಏರಿದ ಮೇಲೆ ಸ್ವೆಟರ್ ಯಾರಿಗೆ ಬೇಕು? ಅದಕ್ಕೇ ಕ್ರಿಸ್‌ಮಸ್‌ಗೆ, ಹೊಸ ವರ್ಷಕ್ಕೆ ನಾನು ಕೊಡುವುದೆಲ್ಲ ಚಿಕ್ಕಪುಟ್ಟ ಸಾಮಾನು. ಟೋಪಿ, ಮಫ್ಲರ್, ಬಿಸಿ ಪಾತ್ರೆ ಇಳಿಸುವ ಮ್ಯಾಟು. ಚಳಿಯಲ್ಲಿ ಹೊರಗಿರುವವರು ಯಾರು, ಒಲೆ ಮುಂದೆ ಇರುವವರು ಯಾರು ಅಂತ ಮೊದಲು ನೋಡುತ್ತೇನೆ. ಡಿಸೈನ್ ಮಾತು ಆಮೇಲೆ.

ಗೌರಿ-ಗಣೇಶ ಕಳೆದ ಮೇಲೆ ಶುರು ಮಾಡಿದರೆ, ಬಸವನಗುಡಿಯ ಕಡಲೆಕಾಯಿ ಪರಿಷೆ ಹೊತ್ತಿಗೆ ಮುಕ್ಕಾಲು ಪಾಲು ಮುಗಿದಿರುತ್ತದೆ. ಮೆಟ್ರೋದಲ್ಲೂ ಹೆಣೆಯುತ್ತೇನೆ. ಅಲ್ಲಿಗೆ ವೈರ್ ಇರುವ ಗಿಡ್ಡ ಕಡ್ಡಿಯೇ ಸರಿ, ಉದ್ದ ಕಡ್ಡಿ ಪಕ್ಕದವರ ಪಕ್ಕೆಗೆ ತಿವಿಯುತ್ತದೆ.

ಉಲ್ಲನ್‌ಗೆ ಅವೆನ್ಯೂ ರಸ್ತೆ, ಚಿಕ್ಕಪೇಟೆ ಕಡೆ ಹೋಗುತ್ತೇನೆ. ವರ್ಧಮಾನ್, ಓಸ್ವಾಲ್, ಎರಡೂ ಲೂಧಿಯಾನದ ಕಂಪನಿಗಳು. ಬಣ್ಣ ನೋಡುವ ಮುಂಚೆ ಲೇಬಲ್ ಮೇಲಿನ ಲಾಟ್ ನಂಬರ್, ಅಂದರೆ ಒಟ್ಟಿಗೆ ಬಣ್ಣ ಹಾಕಿದ ಕಂತಿನ ನಂಬರ್, ನೋಡಿ. ಅದೇ ಬಣ್ಣ, ಬೇರೆ ಲಾಟ್ ಆದರೆ ಮಫ್ಲರ್ ಮಧ್ಯದಲ್ಲಿ ಪಟ್ಟಿ ಹೊಡೆದ ಹಾಗೆ ಕಾಣುತ್ತದೆ. ಅಂಗಡಿಯ ಬೆಳಕಿನಲ್ಲಿ ಅದು ಗೊತ್ತೇ ಆಗುವುದಿಲ್ಲ. ಕಡ್ಡಿಗಳ ಹಳೆಯ ನಂಬರ್ ಲೆಕ್ಕವೂ ತಲೆಕೆಳಗು: ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. 8 ನಂಬರ್ ಅಂದರೆ 4 ಮಿ.ಮೀ., 10 ನಂಬರ್ ಅಂದರೆ 3.25.

ನಾನು ಹೆಚ್ಚು ಹೆಣೆಯುವುದು ಟೋಪಿ. ದೊಡ್ಡವರ ತಲೆ ಸುಮಾರು 22 ಇಂಚು ಇರುತ್ತದೆ, ಟೋಪಿ 20 ಇಂಚಿದ್ದರೆ ಸಾಕು. ಎಳೆದುಕೊಂಡು ಕೂರಬೇಕು, ಅಲ್ವಾ? ಮಧ್ಯಮ ದಪ್ಪದ 8 ಪ್ಲೈ ಉಲ್ಲನ್, 4 ಮಿ.ಮೀ. ಕಡ್ಡಿಯಲ್ಲಿ ನನ್ನ ಕೈಗೆ 10 ಸೆಂ.ಮೀ.ಗೆ 22 ಹೊಲಿಗೆ ಬರುತ್ತವೆ. ನಿಮ್ಮ ಕೈ ಬಿಗಿಯೋ ಸಡಿಲವೋ, ಒಂದು ಚಿಕ್ಕ ತುಂಡು ಹೆಣೆದು ಅಳೆದುಬಿಡಿ. ನನ್ನ ಲೆಕ್ಕಕ್ಕೆ 112 ಹೊಲಿಗೆ. ಮೊದಲ ಎರಡು ಇಂಚು, ಎರಡು ಸೀದಾ ಎರಡು ಉಲ್ಟಾ. ಕಿವಿ ಮೇಲೆ ಹಿಡಿದುಕೊಳ್ಳುವುದು ಈ ಅಂಚೇ. ಆಮೇಲೆ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಒಟ್ಟು ಐದೂವರೆ ಇಂಚು ಆದ ಮೇಲೆ ಇಳಿಸಲು ಶುರು. 12 ಸೀದಾ ಹಾಕಿ, ಮುಂದಿನ ಎರಡನ್ನು ಸೇರಿಸಿ ಒಂದು ಮಾಡುವುದು. ಇಡೀ ಸಾಲು ಹೀಗೇ. ಉಲ್ಟಾ ಸಾಲು ಸುಮ್ನೆ ಹೆಣೆದು, ಮತ್ತೆ ಸೀದಾ ಸಾಲಲ್ಲಿ 11 ಹಾಕಿ ಎರಡು ಸೇರಿಸಿ, ಆಮೇಲೆ 10. ಕೊನೆಗೆ ಎಂಟು ಹೊಲಿಗೆ ಉಳಿಯುತ್ತವೆ. ದಾರ ಕತ್ತರಿಸಿ, ಸೂಜಿಯಲ್ಲಿ ಎಂಟರೊಳಗೂ ತೂರಿಸಿ ಎಳೆದು, ಅದೇ ದಾರದಲ್ಲಿ ಹಿಂದಿನ ಅಂಚನ್ನು ಹೊಲಿದುಬಿಡುತ್ತೇನೆ.

ನಮ್ಮ ಅಪಾರ್ಟ್‌ಮೆಂಟಿನ ರಾತ್ರಿ ವಾಚ್‌ಮನ್ ರಾಯಚೂರಿನ ಕಡೆಯವರು. ಅವರಿಗೆ ಬಿಳಿ ಟೋಪಿ ಎಂದುಕೊಂಡು ಉಂಡೆ ತೋರಿಸಿದೆ. "ಬಿಳಿ ಬ್ಯಾಡ್ರಿ ಅಕ್ಕಾರ, ಧೂಳಿಗೆ ಹೊಲಸಾಗತೈತಿ" ಅಂದರು. ಕಂದು ಬಣ್ಣದ್ದು ಹಾಕಿದೆ. ಕೇಳಿದರೆ ಉಡುಗೊರೆಯ ಮಜಾ ಹೋಗುತ್ತದೆ ಅನ್ನುವವರಿದ್ದಾರೆ. ನನಗಂತೂ ಮಜಾಕ್ಕಿಂತ ಅದು ತಲೆ ಮೇಲೆ ಇರುವುದು ಮುಖ್ಯ.

ಅಡುಗೆಮನೆಗೆ ಕೊಡುವುದು ಹತ್ತಿ ದಾರದ್ದೇ ಆಗಿರಬೇಕು. ಉಲ್ಲನ್ ಹೆಸರಿನಲ್ಲಿ ಸಿಗುವ ಅಕ್ರಿಲಿಕ್ ಒಂದು ಬಗೆಯ ಪ್ಲಾಸ್ಟಿಕ್ಕು. ಬಿಸಿ ಕುಕ್ಕರ್ ಇಟ್ಟರೆ ಕರಗಿ ಅಂಟಿಕೊಳ್ಳುತ್ತದೆ. ಹತ್ತಿ ದಾರ ಎರಡೆಳೆ ಸೇರಿಸಿ, ಎರಡೂ ಕಡೆ ಸೀದಾ ಹೆಣೆದರೆ ದಪ್ಪ ಮ್ಯಾಟು ಆಗುತ್ತದೆ, ಅಂಚೂ ಸುರುಟುವುದಿಲ್ಲ. ಆದರೆ ಹತ್ತಿಗೆ ಸ್ಥಿತಿಸ್ಥಾಪಕ ಗುಣ ಕಡಿಮೆ. ಎಳೆದರೆ ಎಳೆದಂತೆಯೇ ಉಳಿಯುತ್ತದೆ, ಹಾಗಾಗಿ ಬಿಗಿ ಟೋಪಿಗೆ ಅದು ಬೇಡ.

ಆಫೀಸಿನ ಪರಿಚಯದವರಿಗೆ, ಪಕ್ಕದ ಮನೆಯವರಿಗೆ ಮ್ಯಾಟೇ ಸಾಕು. ಜಾಸ್ತಿ ಕೆಲಸದ್ದು ಕೊಟ್ಟರೆ ಅವರಿಗೆ ಮುಜುಗರ. ವಾಪಸ್ ಏನು ಕೊಡೋದು ಅಂತ ಯೋಚನೆ ಹತ್ತುತ್ತದೆ. "ನಮ್ಮ ಮಗಳಿಗೂ ಒಂದು ಹಾಕ್ಕೊಡಿ, ದುಡ್ಡು ಕೊಡ್ತೀನಿ" ಅನ್ನುವವರು ಪ್ರತಿ ವರ್ಷ ಸಿಗುತ್ತಾರೆ. ಅವರಿಗೆ ಕಡ್ಡಿ ಹಿಡಿಯುವುದನ್ನು ಹೇಳಿಕೊಡುತ್ತೇನೆ, ಆರ್ಡರ್ ತೆಗೆದುಕೊಳ್ಳುವುದಿಲ್ಲ. ದುಡ್ಡಿಗೆ ಕೂತರೆ ಗಂಟೆ ಲೆಕ್ಕ ಹಾಕಬೇಕಾಗುತ್ತದೆ, ಆ ಲೆಕ್ಕಕ್ಕೆ ಯಾರೂ ಒಪ್ಪುವುದಿಲ್ಲ.

ಕೊಡುವಾಗ ಪೊಟ್ಟಣದೊಳಗೆ ಒಂದು ಚೀಟಿ ಇಡುತ್ತೇನೆ. ಅಕ್ರಿಲಿಕ್ ಆದರೆ "ಮೆಷಿನ್‌ಗೆ ಹಾಕಬಹುದು, ಇಸ್ತ್ರಿ ಮಾತ್ರ ಬೇಡ". ಬಿಸಿ ತಾಗಿದರೆ ಹೆಣಿಗೆ ಜೋತುಬೀಳುತ್ತದೆ, ಮತ್ತೆ ಸರಿಹೋಗುವುದಿಲ್ಲ. ಅಪ್ಪಟ ಉಣ್ಣೆ ಆದರೆ "ತಣ್ಣೀರು, ಕೈಯಲ್ಲಿ, ಉಜ್ಜದೆ". ಇಷ್ಟು ಬರೆದರೂ ಮೆಷಿನ್‌ಗೆ ಹಾಕುವವರು ಗೊತ್ತಲ್ಲ, ಅವರಿಗೆ ಉಣ್ಣೆಯದ್ದು ಕೊಡುವುದೇ ಇಲ್ಲ.