ಖಾಲಿ ನೀರಿನ ಬಾಟಲಿ: ಎಷ್ಟು ದಿನ ಬಳಸೋದು, ಯಾವಾಗ ಗುಜರಿಗೆ ಹಾಕೋದು?

ಪ್ರವಾಸ ಮುಗಿಸಿ ಬಂದರೆ ಕಾರಿನ ಸೀಟಿನಡಿಯಿಂದ ನಾಲ್ಕೈದು ಖಾಲಿ ಬಾಟಲಿ ಉರುಳಿ ಬರುತ್ತವೆ. ಎಸೆಯಲು ಮನಸ್ಸು ಬರುವುದಿಲ್ಲ. ಮುಚ್ಚಳ ಬಿಗಿಯಾಗಿದೆ, ಫ್ರಿಜ್ ಬಾಗಿಲಲ್ಲಿ ಸರಿಯಾಗಿ ಕೂರುತ್ತೆ. ಅಷ್ಟರಲ್ಲಿ ‘ಮತ್ತೆ ಬಳಸಿದರೆ ವಿಷ’ ಅನ್ನುವ ವಾಟ್ಸಾಪ್ ಮೆಸೇಜು ನೆನಪಾಗುತ್ತದೆ. ನಿಜ ಎರಡರ ಮಧ್ಯೆ ಎಲ್ಲೋ ಇದೆ.

ಮೊದಲು ತಳ ನೋಡಿ

ಬಾಟಲಿ ಮಗುಚಿ. ಪುಟ್ಟ ತ್ರಿಕೋನದೊಳಗೆ 1 ಅಂತಿದ್ದರೆ ಅದು ಪೆಟ್ ಪ್ಲಾಸ್ಟಿಕ್. ನೀರಿನ, ಕೂಲ್‌ಡ್ರಿಂಕ್ಸಿನ ಬಾಟಲಿಗಳು ಹೆಚ್ಚೂಕಡಿಮೆ ಎಲ್ಲವೂ ಇದೇ. ಜನ ಹೆದರುವ ಬಿಪಿಎ ಎಂಬ ರಾಸಾಯನಿಕ ಪೆಟ್ ತಯಾರಿಕೆಯಲ್ಲಿ ಬಳಕೆಯಾಗುವುದಿಲ್ಲ. ಅದು ಪಾಲಿಕಾರ್ಬೊನೇಟ್ ಎಂಬ ಬೇರೆ ಗಟ್ಟಿ ಪ್ಲಾಸ್ಟಿಕ್‌ನದು. ಅದರ ತಳದಲ್ಲಿ 7 ಇರುತ್ತದೆ.

ಬಿಸಿಯಿಂದ ದೂರ ಇಡಿ

ಒಮ್ಮೆ ಅವಸರದಲ್ಲಿ ಕುದಿಸಿದ ಜೀರಿಗೆ ನೀರನ್ನು ಖಾಲಿ ಬಾಟಲಿಗೆ ಸುರಿದೆ. ಕಣ್ಣೆದುರೇ ಅದು ಸೊಂಟ ಮುರಿದುಕೊಂಡು ಕುಗ್ಗಿ, ಒಣಗಿದ ಹಾಗಲಕಾಯಿಯ ಹಾಗಾಯಿತು. 70 ಡಿಗ್ರಿ ದಾಟಿದರೆ ಪೆಟ್ ಮೆತ್ತಗಾಗುತ್ತದೆ. ಆಕಾರ ಕೆಡುವುದೊಂದೇ ಅಲ್ಲ. ಪೆಟ್ ತಯಾರಿಸುವಾಗ ಬಳಸುವ ಆಂಟಿಮನಿ ಎಂಬ ಲೋಹದ ಅಂಶ ಬಿಸಿಗೆ ನೀರಿನೊಳಗೆ ಬಿಡಲು ಶುರುವಾಗುತ್ತದೆ.

ಎಷ್ಟು ಬೇಗ? ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯವರು 2008ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ. ಅಲ್ಲಿ ಕುಡಿಯುವ ನೀರಿನಲ್ಲಿ ಆಂಟಿಮನಿಯ ಮಿತಿ ಲೀಟರಿಗೆ 6 ಮೈಕ್ರೋಗ್ರಾಂ. ಅದನ್ನು ದಾಟಲು 60 ಡಿಗ್ರಿಯಲ್ಲಿ 176 ದಿನ ಬೇಕು, 80 ಡಿಗ್ರಿಯಲ್ಲಿ ಬರೀ 2.3 ದಿನ. ಅಂದರೆ ಮಧ್ಯಾಹ್ನ ಒಂದು ಗಂಟೆ ಬಿಸಿಲಲ್ಲಿದ್ದ ನೀರು ಕುಡಿದರೆ ಏನೂ ಆಗಲ್ಲ. ಆದರೆ ಬೇಸಿಗೆಯಿಡೀ ಕಾರಿನ ಡಿಕ್ಕಿಯಲ್ಲಿ ಬಿದ್ದಿದ್ದ ಬಾಟಲಿಗಳ ನೀರು? ಗಿಡಕ್ಕೆ ಹಾಕಿ.

ಬಿಸಿಲು ಅಂದ ಕೂಡಲೇ ಹೌಹಾರಬೇಕಿಲ್ಲ. ಕುಡಿಯಲು ಶುದ್ಧ ನೀರಿಲ್ಲದ ಕಡೆ ಬಣ್ಣವಿಲ್ಲದ ಪೆಟ್ ಬಾಟಲಿಗೆ ತಿಳಿ ನೀರು ತುಂಬಿ 6 ಗಂಟೆ ಬಿಸಿಲಿಗಿಟ್ಟು ಕ್ರಿಮಿ ಕೊಲ್ಲುವ ವಿಧಾನವೇ ಇದೆ. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಒಪ್ಪಿದೆ.

ತೊಳೆಯುವುದರಲ್ಲೇ ಇದೆ ಎಲ್ಲ

ನಿಜವಾದ ತೊಂದರೆ ಕಚ್ಚಿ ಕುಡಿಯುವ ಬಾಯಿಯಿಂದ ಬರುತ್ತದೆ. ಎಂಜಲು ಒಳಗೆ ಹೋಗುತ್ತದೆ, ಕತ್ತು ಸಣ್ಣ, ಕೈ ಹೋಗಲ್ಲ. ಎರಡು ದಿನ ಬಿಟ್ಟು ಮುಚ್ಚಳದ ಒಳಗಿನ ಸುರುಳಿಯನ್ನು ಬೆರಳಲ್ಲಿ ಉಜ್ಜಿ ನೋಡಿ, ಲೋಳೆ ಲೋಳೆ. ಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ಸೋಪು ಹಾಕಿ ಚೆನ್ನಾಗಿ ಕುಲುಕಿ. ಮುಚ್ಚಳ, ಕತ್ತಿನ ಸುರುಳಿಗೆ ಹಳೇ ಟೂತ್‌ಬ್ರಶ್. ಗಾಜಿನ ಬಾಟಲಿಗೆ ಮರಳು ಹಾಕಿ ಕುಲುಕುತ್ತಿದ್ದ ಅಜ್ಜಿಯ ಉಪಾಯ ಇಲ್ಲಿ ಬೇಡ, ಪ್ಲಾಸ್ಟಿಕ್‌ಗೆ ಗೀರು ಬಿದ್ದರೆ ಕೊಳೆ ಅಲ್ಲೇ ಮನೆ ಮಾಡುತ್ತೆ. ಕೊನೆಗೆ ಮುಚ್ಚಳ ತೆಗೆದು ಬೋರಲು ಹಾಕಿ, ಪೂರ್ತಿ ಒಣಗಲಿ.

ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ತೆರೆದು ಮೂಸಿ ನೋಡಿ. ವಾಸನೆ ಬಂದರೆ, ಬಾಟಲಿ ಮಸುಕಾಗಿದ್ದರೆ, ಗೀರು ಜಾಸ್ತಿಯಾಗಿದ್ದರೆ ಅದರ ಕಥೆ ಮುಗಿಯಿತು. ಹಾಲು, ಮಜ್ಜಿಗೆ, ಜ್ಯೂಸ್ ತುಂಬಲೇಬೇಡಿ.

ಇದೊಂದನ್ನು ಮಾತ್ರ ಮಾಡಬೇಡಿ

ಫಿನಾಯಿಲ್, ಆ್ಯಸಿಡ್, ಸೀಮೆಎಣ್ಣೆ, ಗದ್ದೆಗೆ ಹೊಡೆಯುವ ಔಷಧಿ. ಇವನ್ನು ನೀರಿನ ಬಾಟಲಿಯಲ್ಲಿ ಇಡುವ ಅಭ್ಯಾಸ ನಮ್ಮಲ್ಲಿ ಎಷ್ಟಿದೆ ಅಂದರೆ, ತಳ್ಳುಗಾಡಿಯವರು ಫಿನಾಯಿಲ್ ಮಾರುವುದೇ ಅದರಲ್ಲಿ. ಮಗುವಿಗೆ ಬಾಟಲಿ ಅಂದರೆ ನೀರು, ಹಸಿರು ದ್ರವ ಅಂದರೆ ಶರಬತ್ತು. ಆಂಟಿಮನಿ ಬಗ್ಗೆ ಮೆಸೇಜು ಕಳಿಸುವವರು ಒಮ್ಮೆ ತಮ್ಮ ಬಚ್ಚಲುಮನೆಯ ಮೂಲೆ ನೋಡಿಕೊಳ್ಳಲಿ, ಅಲ್ವಾ?

ಪರಿಸರದ ಲೆಕ್ಕ

ಹಳೇ ಬಾಟಲಿ ತುಂಬಿಸಿಕೊಂಡು ಹೊರಟಿದ್ದರಿಂದ ದಾರಿಯಲ್ಲಿ ಹೊಸದು ಕೊಳ್ಳುವುದು ತಪ್ಪಿದರೆ ಮಾತ್ರ ಲಾಭ. ಅಡುಗೆಮನೆಯ ಅಟ್ಟದಲ್ಲಿ ಸುಮ್ನೆ ಇಪ್ಪತ್ತು ಕೂಡಿಟ್ಟರೆ ಅದು ಉಳಿತಾಯವಲ್ಲ. ದಿನಾ ಬೇಕೆಂದರೆ ಸ್ಟೀಲ್ ಬಾಟಲಿಯೇ ವಾಸಿ. ಆದರೆ ಅದನ್ನು ತಯಾರಿಸಲು ಜಾಸ್ತಿ ಶಕ್ತಿ ಖರ್ಚಾಗುವುದರಿಂದ ವರ್ಷಗಟ್ಟಲೆ ಬಳಸಬೇಕು. ಬಣ್ಣ ನೋಡಿ ನಾಲ್ಕು ಕೊಂಡರೆ ಲೆಕ್ಕ ತಲೆಕೆಳಗು.

ಇನ್ನೊಂದು ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಬಾಟಲಿ ಕತ್ತರಿಸಿ, ಬಣ್ಣ ಬಳಿದು, ಮಣ್ಣು ತುಂಬಿ ಹೂಕುಂಡ ಮಾಡುವುದು ನೋಡಲು ಚೆಂದ. ಆದರೆ ಬಿಸಿಲಿಗೆ ಅದು ಪುಡಿಯಾಗುವ ಹೊತ್ತಿಗೆ ಗುಜರಿಯವನೂ ಮುಟ್ಟಲ್ಲ. ಸ್ವಚ್ಛ ಪೆಟ್‌ಗೆ ಗುಜರಿಯಲ್ಲಿ ಬೆಲೆ ಇದೆ, ಅದು ಕರಗಿ ಪಾಲಿಯೆಸ್ಟರ್ ನೂಲಾಗುತ್ತದೆ. ಬಾಟಲಿ ಆಯುವವರ ದಿನದ ಸಂಪಾದನೆಯೂ ಅದರಲ್ಲಿದೆ.

ಕೊಡುವಾಗ

ನೀರು ಪೂರ್ತಿ ಚೆಲ್ಲಿ, ಹಿಂಡಿ ಚಪ್ಪಟೆ ಮಾಡಿ. ಇಲ್ಲದಿದ್ದರೆ ಯಾರೋ ನಲ್ಲಿ ನೀರು ತುಂಬಿ ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ಮಾರಬಹುದು. ಮುಚ್ಚಳ ಬೇರೆ ಪ್ಲಾಸ್ಟಿಕ್, ಆದರೂ ಬಾಟಲಿಗೇ ತಿರುಗಿಸಿ ಮುಚ್ಚಿ ಹಾಗೇ ಬಿಡಿ. ಕಾರ್ಖಾನೆಯಲ್ಲಿ ಎರಡನ್ನೂ ಚೂರು ಮಾಡಿ ನೀರಿಗೆ ಹಾಕುತ್ತಾರೆ: ಮುಚ್ಚಳದ ಚೂರು ತೇಲುತ್ತದೆ, ಪೆಟ್ ಮುಳುಗುತ್ತದೆ. ಮನೆಯ ಬಕೆಟ್ಟಿನಲ್ಲೇ ಮಕ್ಕಳಿಗೆ ತೋರಿಸಬಹುದು.