ವಿಟ್ಬಿಗೆ ಹೋಗುವವರಿಗೆ: ಏನು ನೋಡಬೇಕು, ಯಾವ ಹೊತ್ತಿನಲ್ಲಿ ನೋಡಬೇಕು

ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ, ಎಸ್ಕ್ ನದಿಯು ಉತ್ತರ ಸಮುದ್ರವನ್ನು ಸೇರುವ ಎಡೆಯಲ್ಲಿ, ಎದುರುಬದುರಾಗಿ ನಿಂತ ಎರಡು ದಿಬ್ಬಗಳ ಮೇಲೆ ಹಬ್ಬಿಕೊಂಡಿರುವ ಪುಟ್ಟ ಪಟ್ಟಣ ವಿಟ್ಬಿ. ಯಾರ್ಕ್ ನೋಡಲು ಬಂದವರು ಬೆಳಿಗ್ಗೆ ಹೋಗಿ ಸಂಜೆಗೆ ಮರಳುವುದು ವಾಡಿಕೆಯಾದರೂ, ಒಂದು ರಾತ್ರಿ ಅಲ್ಲಿಯೇ ತಂಗುವುದು ಮೇಲು. ಇಲ್ಲಿನ ಕಡಲತೀರದ ಬಹುಭಾಗ ಉಬ್ಬರದ ಹೊತ್ತಿನಲ್ಲಿ ನೀರಿನಡಿ ಮುಳುಗಿಬಿಡುವುದರಿಂದ, ಹೋಟೆಲಿನ ಕೋಣೆ ಕಾಯ್ದಿರಿಸುವ ಮೊದಲೇ ಆ ದಿನಗಳ ಉಬ್ಬರವಿಳಿತದ ವೇಳಾಪಟ್ಟಿಯನ್ನು ನೋಡಿಕೊಂಡು, ಇಳಿತದ ಹೊತ್ತನ್ನು ತೀರಕ್ಕೆ ಮೀಸಲಿಟ್ಟು, ಉಳಿದುದನ್ನು ಅದರ ಸುತ್ತ ಹೊಂದಿಸಿಕೊಳ್ಳಬೇಕು.

ಮಿಡಲ್ಸ್‌ಬರೋದಿಂದ ಎಸ್ಕ್ ಕಣಿವೆಯಗುಂಟ ಬರುವ ರೈಲಿಗೆ ಸುಮಾರು ಒಂದೂವರೆ ತಾಸು ಹಿಡಿಯುತ್ತದೆ. ದಿನಕ್ಕೆ ಕೆಲವೇ ರೈಲುಗಳಿರುವುದರಿಂದ ಮರಳುವ ವೇಳೆಯನ್ನು ಮೊದಲೇ ಗುರುತಿಸಿಕೊಳ್ಳಿ. ಲೀಡ್ಸ್ ಮತ್ತು ಯಾರ್ಕ್ ಕಡೆಯಿಂದ ಬಸ್ಸಿದೆ. ಆಗಸ್ಟಿನಲ್ಲಿ ಬಂದರೆ, ಬಸ್ಸು ಹಾದುಬರುವ ಬಯಲುಗುಡ್ಡಗಳ ಮೇಲೆ ಹೆದರ್ ಗಿಡಗಳು ನೇರಳೆ ಬಣ್ಣದ ಹೂ ಹೊತ್ತು ನಿಂತಿರುತ್ತವೆ.

ಮೊದಲು ನದಿಯ ಪೂರ್ವದ ದಂಡೆಗೆ ಹೋಗಿ. ಹಡಗು ಬಂದಾಗ ಪಕ್ಕಕ್ಕೆ ತಿರುಗಿ ದಾರಿ ಬಿಡುವ ಸೇತುವೆಯನ್ನು ದಾಟಿ, ಕಲ್ಲುಹಾಸಿನ ಚರ್ಚ್ ಬೀದಿಯ ತುದಿಗೆ ನಡೆದರೆ 199 ಮೆಟ್ಟಿಲುಗಳು ಎದುರಾಗುತ್ತವೆ. ಏರುವಾಗ ನಡುನಡುವೆ ಸಿಗುವ ಸಮತಟ್ಟಾದ ಜಾಗಗಳಲ್ಲಿ ಹಿಂದೆ ಶವಪೆಟ್ಟಿಗೆ ಹೊತ್ತವರು ಭಾರ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದರು; ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ದವರಿಗೆ ಅವು ಈಗಲೂ ಉಪಯೋಗಕ್ಕೆ ಬರುತ್ತವೆ. ಮೇಲಿರುವ ಸೇಂಟ್ ಮೇರಿ ಚರ್ಚಿನ ಒಳಗೆ ಬಾಗಿಲುಳ್ಳ ಮರದ ಪೆಟ್ಟಿಗೆಗಳಂತಹ ಆಸನಗಳಿದ್ದು, ಕೆಲವುಗಳ ಮೇಲೆ ‘ಹೊರಊರಿನವರಿಗೆ ಮಾತ್ರ’ ಎಂಬರ್ಥದ ಬರಹವಿದೆ. ಡ್ರಾಕುಲಾನ ಸಮಾಧಿ ಎಲ್ಲಿದೆ ಎಂದು ಅಲ್ಲಿ ಯಾರನ್ನೂ ಕೇಳಬೇಡಿ: 1890ರಲ್ಲಿ ಇಲ್ಲಿ ತಂಗಿದ್ದ ಬ್ರ್ಯಾಮ್ ಸ್ಟೋಕರ್ ತನ್ನ ಕಾದಂಬರಿಯಲ್ಲಿ ಈ ಮೆಟ್ಟಿಲುಗಳನ್ನು ಬಳಸಿಕೊಂಡನೇ ಹೊರತು, ಕಲ್ಪನೆಯ ಪಾತ್ರಕ್ಕೆ ಗೋರಿ ಎಲ್ಲಿಂದ ಬರಬೇಕು!

ಚರ್ಚಿನ ಹಿಂದೆಯೇ, ಟಿಕೆಟ್ ಪಡೆದು ನೋಡಬೇಕಾದ, ಛಾವಣಿಯಿಲ್ಲದ ಹಳೆಯ ಮಠವಿದೆ. ಹಿಲ್ಡಾ ಎಂಬ ಸನ್ಯಾಸಿನಿ 657ರಲ್ಲಿ ಇಲ್ಲಿ ಮಠವನ್ನು ಕಟ್ಟಿ ಅದರ ಒಡತಿಯಾಗಿದ್ದಳು. ಈಸ್ಟರ್ ಹಬ್ಬದ ದಿನವನ್ನು ರೋಮಿನ ಲೆಕ್ಕದಂತೆ ಆಚರಿಸಬೇಕೆಂದು ತೀರ್ಮಾನಿಸಿದ 664ರ ಧರ್ಮಸಭೆ ನಡೆದದ್ದೂ, ದನ ಕಾಯುತ್ತಿದ್ದ ಕ್ಯಾಡ್ಮನ್ ಕವಿಯಾದದ್ದೂ ಅವಳ ಕಾಲದಲ್ಲಿಯೇ. ಈಗ ಕಾಣುವ ಎತ್ತರದ ಗೋಡೆಗಳು ಅದಕ್ಕಿಂತ ಬಹಳ ಈಚಿನವು; ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ, 1539ರಲ್ಲಿ, ಮಠವನ್ನು ಮುಚ್ಚಿಸಲಾಯಿತು.

ಹಿಲ್ಡಾ ಇಲ್ಲಿನ ಹಾವುಗಳನ್ನೆಲ್ಲ ಕಲ್ಲಾಗಿಸಿದಳೆಂಬ ಐತಿಹ್ಯದ ಮೂಲವನ್ನು ಕಾಣಬೇಕಾದರೆ ಇಳಿತದ ಹೊತ್ತಿನಲ್ಲಿ ತೀರಕ್ಕೆ ಇಳಿಯಬೇಕು. ಅಲ್ಲಿನ ಕಪ್ಪು ಶಿಲೆಯಲ್ಲಿ ಸುರುಳಿ ಸುತ್ತಿಕೊಂಡಿರುವವು ಅಮೊನೈಟ್ ಎಂಬ ಜುರಾಸಿಕ್ ಕಾಲದ ಕಡಲಜೀವಿಯ ಪಳೆಯುಳಿಕೆಗಳು. ಗಂಡಕಿ ನದಿಯಿಂದ ಬಂದು ನಮ್ಮ ದೇವರಕೋಣೆ ಸೇರಿರುವ ಸಾಲಿಗ್ರಾಮದೊಳಗಿನ ಚಕ್ರವೂ ಇದೇ ಜಾತಿಯ ಜೀವಿಯದು. ಉಂಗುರ ಉಂಗುರವಾದ ಅದೇ ಏಣುಗಳನ್ನು ಇಲ್ಲಿ ಬೆರಳಿನಿಂದ ಮುಟ್ಟಿ ನೋಡಬಹುದು. ಸಡಿಲವಾಗಿ ಬಿದ್ದ ಕಲ್ಲುಗಳಲ್ಲಿ ಮಾತ್ರ ಹುಡುಕಿ. ಕಡಿದಾದ ದಂಡೆ ಆಗಾಗ ಕುಸಿಯುವುದರಿಂದ ಅದರ ಬುಡದಲ್ಲಿ ನಿಲ್ಲಬೇಡಿ, ಸುತ್ತಿಗೆ ಬೀಸಬೇಡಿ. ನೀರು ಏರತೊಡಗುವುದಕ್ಕೆ ಸಾಕಷ್ಟು ಮುಂಚೆಯೇ ಹಿಂದಿರುಗಿ, ಏಕೆಂದರೆ ಸಾಲ್ಟ್‌ವಿಕ್ ಕಡೆಗೆ ತೀರದಗುಂಟ ನಡೆದವರಿಗೆ ಮರಳುವ ದಾರಿಯೇ ಮುಚ್ಚಿಹೋಗುವ ಅಪಾಯವಿದೆ.

ಚರ್ಚ್ ಬೀದಿಯ ಅಂಗಡಿಗಳಲ್ಲಿ ಮಾರುವ ಕಪ್ಪು ಒಡವೆ ಜೆಟ್‌ನದು. ಕೋಟ್ಯಂತರ ವರ್ಷ ನೆಲದೊಳಗೆ ಅದುಮಿ ಕಲ್ಲಾದ ಮರವಿದು. 1861ರಲ್ಲಿ ಪತಿ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ ಇದನ್ನು ಧರಿಸಿದ್ದರಿಂದ ಬೇಡಿಕೆ ಏರಿತು. ಕೈಯಲ್ಲಿ ಹಿಡಿದರೆ ತೀರ ಹಗುರವೆನಿಸಬೇಕು; ಕಪ್ಪು ಗಾಜಿನ ನಕಲಾದರೆ ಭಾರವಾಗಿ, ತಣ್ಣಗಿರುತ್ತದೆ.

ಗ್ರೇಪ್ ಲೇನ್‌ನಲ್ಲಿರುವ ಕ್ಯಾಪ್ಟನ್ ಕುಕ್ ಸಂಗ್ರಹಾಲಯವು, ಹದಿಹರೆಯದ ಜೇಮ್ಸ್ ಕುಕ್ ಹಡಗಿನ ಕೆಲಸ ಕಲಿಯಲು ಬಂದು ಸೇರಿದ ಯಜಮಾನನ ಮನೆಯಾಗಿತ್ತು. 1768ರಲ್ಲಿ ಅವನು ಪೆಸಿಫಿಕ್ ಸಾಗರದ ಶೋಧಯಾತ್ರೆಗೆ ಹೊರಟ ಎಂಡೆವರ್ ಹಡಗು ಮೂಲತಃ ವಿಟ್ಬಿಯಲ್ಲಿ ಕಟ್ಟಿದ, ಕಲ್ಲಿದ್ದಲು ಸಾಗಿಸುವ ಹಡಗು. ಪಶ್ಚಿಮದ ದಿಬ್ಬದ ಮೇಲಿನ ಅವನ ಪ್ರತಿಮೆಗೂ ತಿಮಿಂಗಿಲದ ಮೂಳೆಯ ಕಮಾನಿಗೂ ಅರ್ಧ ತಾಸು ಸಾಕು. ಮಳೆ ಹಿಡಿದರೆ ಪ್ಯಾನೆಟ್ ಪಾರ್ಕಿನ ಸಂಗ್ರಹಾಲಯಕ್ಕೆ ಹೋಗಿ. ಗಾಜಿನ ಸೀಸೆಗಳಲ್ಲಿ ಹನ್ನೆರಡು ಜಿಗಣೆಗಳನ್ನಿಟ್ಟು, ಅವು ಮೇಲೇರಿ ಗಂಟೆ ಬಾರಿಸಿದರೆ ಬಿರುಗಾಳಿ ಬರುತ್ತದೆಂದು ತಿಳಿಯುವ ಯಂತ್ರದ ಮಾದರಿ ಅಲ್ಲಿದೆ. ಇದನ್ನು ರೂಪಿಸಿದ ವೈದ್ಯ ಜಾರ್ಜ್ ಮೆರಿವೆದರ್ 1851ರ ಲಂಡನ್ ಮಹಾಪ್ರದರ್ಶನದಲ್ಲಿಯೂ ಅದನ್ನು ಇರಿಸಿದ್ದ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಎಚ್ಚರದಿಂದಿರಬೇಕು. ಯಾರ್ಕ್‌ಷೈರಿನ ಅನೇಕ ಅಂಗಡಿಗಳಲ್ಲಿ ಮೀನನ್ನಷ್ಟೇ ಅಲ್ಲ, ಆಲೂಗಡ್ಡೆಯ ಚಿಪ್ಸನ್ನೂ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಯಾವುದರಲ್ಲಿ ಕರಿದದ್ದು ಎಂದು ಕೇಳಿದರೆ ಯಾರೂ ಬೇಸರಪಡುವುದಿಲ್ಲ. ಮೀನು ತಿನ್ನುವವರು ಬಂದರಿನ ಬೆಂಚಿನ ಮೇಲೆ ಪೊಟ್ಟಣ ಬಿಚ್ಚದಿರುವುದು ಒಳ್ಳೆಯದು, ಕಡಲಹಕ್ಕಿಗಳು ಕೈಯಿಂದಲೇ ಕಸಿದೊಯ್ಯುತ್ತವೆ.

ಎರಡನೆಯ ದಿನ ಕಾಲಲ್ಲಿ ಕಸುವಿದ್ದರೆ, ಕಡಲದಂಡೆಯ ಮೇಲಿನ ಕಾಲುದಾರಿಯಲ್ಲಿ ರಾಬಿನ್ ಹುಡ್ಸ್ ಬೇ ಎಂಬ ಮೀನುಗಾರರ ಹಳ್ಳಿಯವರೆಗೆ ನಡೆಯಿರಿ. ದೂರ ಆರೇಳು ಮೈಲಿಯಾದರೂ ಏರಿಳಿತಗಳಿರುವುದರಿಂದ ಮೂರು ತಾಸಿಗಿಂತ ಹೆಚ್ಚೇ ಬೇಕಾಗುತ್ತದೆ. ಮರಳಿ ಬರಲು ಬಸ್ಸಿದೆ, ಆದರೆ ಅದು ನಿಲ್ಲುವುದು ಹಳ್ಳಿಯ ಮೇಲುಭಾಗದಲ್ಲಿ, ಕಡಿದಾದ ಏರನ್ನು ಹತ್ತಿದ ಮೇಲೆ.